ಗೆರೆಯ ಕೆಳಗಿನ ಮುನ್ನೂರು ಗ್ರಾಂ

ತೂಕದಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಅದು ಚಲಾವಣೆಯಲ್ಲಿರಲಿಲ್ಲ. ಯಾರಾದರೂ ಅಪರೂಪಕ್ಕೆ ಆ ಹೆಸರು ಹಿಡಿದು ಕೂಗಿದರೆ, ಹಿಂದೆ ಬೇರೆ ಯಾರೋ ನಿಂತಿರಬೇಕೆಂದು ಅವಳೇ ತಿರುಗಿ ನೋಡುತ್ತಿದ್ದಳು. ಇಪ್ಪತ್ತಾರು ವರ್ಷಗಳಿಂದ ಒಂದೇ ಕೋಣೆಯಲ್ಲಿ, ಒಂದೇ ಕೊಕ್ಕೆಗೆ ಐದು ವರ್ಷದೊಳಗಿನ ಮಕ್ಕಳನ್ನು ಜೋತುಹಾಕಿ ತೂಕ ನೋಡುತ್ತ ಬಂದವಳಿಗೆ ಬೇರೆ ಹೆಸರಾದರೂ ಯಾತಕ್ಕೆ?

ಆ ಕೋಣೆ ಓಣಿಯ ತುದಿಯಲ್ಲಿ, ಸಿಮೆಂಟ್ ಪೈಪು ಮಾರುವವನ ಗೋದಾಮಿನ ಹಿಂದೆ ಇತ್ತು. ಒಂದು ಕಿಟಕಿ, ಕಾಲಿಗೆ ರಟ್ಟು ಮಡಿಸಿಟ್ಟ ಒಂದು ಮೇಜು, ಗೋಡೆಗೆ ಒರಗಿಸಿದ ಉದ್ದ ಬೆಂಚು. ಬಾಗಿಲ ಹಿಂದೆ ಮಕ್ಕಳಿಗೆ ಹಂಚುವ ಪೌಷ್ಟಿಕ ಹಿಟ್ಟಿನ ಪೊಟ್ಟಣಗಳ ಪೆಟ್ಟಿಗೆಗಳು. ನಡುವೆ ತೊಲೆಯಿಂದ ಇಳಿಬಿದ್ದ ಕೊಕ್ಕೆಗೆ ಗಡಿಯಾರದಂಥ ಮುಖದ ತೂಕದ ಯಂತ್ರ, ಅದರ ಕೆಳಗೆ ನಾಲ್ಕು ಕುಣಿಕೆಯ ಬಟ್ಟೆಯ ಜೋಲಿ. ಮಗುವನ್ನು ಜೋಲಿಗೆ ಇಳಿಸಿದೊಡನೆ ಅದು ಕೈಕಾಲು ಜಾಡಿಸಿ ಕಿರುಚುತ್ತದೆ, ಮುಳ್ಳು ಹುಚ್ಚು ಹಿಡಿದ ಹಾಗೆ ಅತ್ತಿತ್ತ ಓಡುತ್ತದೆ. ಕಿರುಚುವ ಮಗುವಿಗೂ ಉಸಿರು ತೆಗೆದುಕೊಳ್ಳಬೇಕಲ್ಲ, ಆ ಒಂದು ಗಳಿಗೆ ಮುಳ್ಳು ನಿಲ್ಲುತ್ತದೆ. ಅಷ್ಟರಲ್ಲಿ ಕಣ್ಣನ್ನು ಮುಳ್ಳಿನ ಮಟ್ಟಕ್ಕೆ ತಂದು ಓದಿಬಿಡಬೇಕು. ಮೇಲಿನಿಂದ ನೋಡಿದರೆ ಒಂದು ಲೆಕ್ಕ, ಕೆಳಗಿನಿಂದ ನೋಡಿದರೆ ಇನ್ನೊಂದು ಲೆಕ್ಕ. ಹೀಗೆ ದಿನಕ್ಕೆ ನಲವತ್ತು ಸಲ ಮಂಡಿ ಬಗ್ಗಿಸಿ ಬಗ್ಗಿಸಿ ತೂಕದಕ್ಕನ ಮಂಡಿಗಳು ಈಗ ಅವಳಿಗಿಂತ ಮೊದಲೇ ನಿವೃತ್ತಿ ಕೇಳುತ್ತಿದ್ದವು.

ತೂಕವನ್ನು ಬರೆಯುವ ಪುಸ್ತಕದಲ್ಲಿ ಪ್ರತಿ ಮಗುವಿಗೂ ಒಂದು ಹಾಳೆ. ಹಾಳೆಯ ಮೇಲೆ ಓರೆಯಾಗಿ ಏರುವ ಒಂದು ಕೆಂಪು ಗೆರೆ. ಮಗು ದೊಡ್ಡದಾದಂತೆ ಗೆರೆಯೂ ಮೇಲೇರುತ್ತ ಹೋಗುತ್ತದೆ. ತೂಕದ ಚುಕ್ಕೆ ಗೆರೆಯ ಕೆಳಗೆ ಬಿದ್ದರೆ ವಾರಕ್ಕೆ ಎರಡು ಪೊಟ್ಟಣ ಹಿಟ್ಟು, ಮೇಲೆ ಬಿದ್ದರೆ ಬರೀ ಬಾಯಿಮಾತಿನ ಶಭಾಷ್. ನಿಯಮ ಮಾಡಿದವರು ಬುದ್ಧಿವಂತರೇ ಇದ್ದಿರಬೇಕು. ಆದರೆ ಅವರ ಮನೆಯ ಮಕ್ಕಳು ಗೆರೆಯ ಆಸುಪಾಸಿನಲ್ಲಿ ಎಂದೂ ಸುಳಿದವರಲ್ಲ.

ಮೊದಲ ಏಳೆಂಟು ವರ್ಷ ತೂಕದಕ್ಕ ಮುಳ್ಳು ಹೇಳಿದ್ದನ್ನೇ ಬರೆದಳು. ಬರೆಯುತ್ತ ಬರೆಯುತ್ತ ಒಂದು ಸಂಗತಿ ಅವಳ ಕಣ್ಣಿಗೆ ಹೊಡೆಯತೊಡಗಿತು. ಮಗು ಎರಡು ತಿಂಗಳು ಹಿಟ್ಟು ತಿನ್ನುತ್ತದೆ, ಗೆರೆ ದಾಟುತ್ತದೆ. ದಾಟಿದ ವಾರವೇ ಪೊಟ್ಟಣ ನಿಲ್ಲುತ್ತದೆ. ಇನ್ನೆರಡು ತಿಂಗಳಿಗೆ ಅದೇ ಮಗು ಅದೇ ತಾಯಿಯ ಸೊಂಟದ ಮೇಲೆ, ಅದೇ ಬೆಂಚಿನ ತುದಿಯಲ್ಲಿ, ಗೆರೆಯ ಕೆಳಗೆ. ಮತ್ತೆ ಹಿಟ್ಟು, ಮತ್ತೆ ಶಭಾಷ್, ಮತ್ತೆ ಇಳಿತ. ಒಮ್ಮೆ ಗೆರೆಯನ್ನು ಐವತ್ತು ಗ್ರಾಂ ದಾಟಿದ ಮಗುವೊಂದರ ತಾಯಿ, "ಈ ಐವತ್ತು ಗ್ರಾಂನಲ್ಲಿ ನಾನೇನು ಮಾಡ್ಲಕ್ಕಾ, ಇವನಿಗೆ ಇನ್ನೆರಡು ತಿಂಗಳು ಉಣಿಸೋಕಾಗುತ್ತಾ?" ಎಂದು ಕೇಳಿದಳು. ಜಗಳವಾಡುವ ಧಾಟಿಯಲ್ಲಿ ಕೇಳಿರಲಿಲ್ಲ, ನಿಜವಾಗಿಯೂ ಉತ್ತರ ಬೇಕಾಗಿತ್ತು. ತೂಕದಕ್ಕ ಪುಸ್ತಕಕ್ಕೆ ಬಗ್ಗಿ ಮುನ್ನೂರು ಗ್ರಾಂ ಕಡಿಮೆ ಬರೆದಳು. ಹಾಗೆ ಬರೆಯಬಾರದಿತ್ತೇನೋ ಎಂದು ಸಂಜೆ ಅಕ್ಕಿ ತೊಳೆಯುವಾಗ ಅನ್ನಿಸಿತು, ಅಷ್ಟೆ.

ಅಂದಿನಿಂದ ಆ ಕೋಣೆಯಲ್ಲಿ ಎರಡು ತೂಕ ಶುರುವಾದವು. ಗೆರೆಗೆ ಹತ್ತಿರ ಬಂದ ಮಗುವಿನ ನಿಜವಾದ ತೂಕವನ್ನು ತಾಯಿಯ ಕಿವಿಯಲ್ಲಿ ಹೇಳುವುದು, ಮುನ್ನೂರು ಗ್ರಾಂ ಕಳೆದದ್ದನ್ನು ಪುಸ್ತಕಕ್ಕೆ ಬರೆಯುವುದು. ಮೊದಲನೆಯದು ಬಾಯಿತೂಕ, ಎರಡನೆಯದು ಪುಸ್ತಕದ ತೂಕ. ಓಣಿಯ ಹೆಂಗಸರು ನೀರಿನ ಸಾಲಿನಲ್ಲಿ ನಿಂತು "ನಿನ್ನ ಮಗಂದು ಬಾಯಿತೂಕ ಎಷ್ಟೇ?" ಎಂದು ಕೇಳಿಕೊಳ್ಳುವಷ್ಟು ಇದು ರೂಢಿಯಾಯಿತು. ಇಷ್ಟೆಲ್ಲ ಬಾಯಿಗಳಿಗೆ ಗೊತ್ತಿದ್ದ ಗುಟ್ಟು ಹದಿನೆಂಟು ವರ್ಷ ಮೇಲಿನ ಕಚೇರಿಯ ಒಂದು ಕಿವಿಗೂ ಬೀಳಲಿಲ್ಲ. ಮಕ್ಕಳು ಮಾತ್ರ ಗೆರೆಯಿಂದ ಒಂದು ಗೇಣು ಮೇಲೆಯೇ ಉಳಿದವು. ಕೊಬ್ಬಿ ಗುಂಡಗಾದವೆಂದೇನೂ ಅಲ್ಲ. ಆದರೆ ಕೆಮ್ಮು ಜ್ವರ ಬಂದರೆ ಎದ್ದು ಕೂರುತ್ತಿದ್ದವು, ಅದೇ ದೊಡ್ಡದು.

ಹದಿನೆಂಟನೆಯ ಆ ವರ್ಷ ಬೆಂಚಿನ ಮೇಲೆ ಎಲ್ಲರಿಗಿಂತ ಗಟ್ಟಿ ದನಿಯವಳು ಇಸ್ತ್ರಿಯವಳ ಮಗಳು. ಇಸ್ತ್ರಿಯವಳೆಂದರೆ ಮೂಲೆಯ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಊರವರ ಬಟ್ಟೆಯ ಸುಕ್ಕು ತೆಗೆಯುವವಳು. ಅವಳ ಸೀರೆ ಮಾತ್ರ ಎಂದೂ ಇಸ್ತ್ರಿ ಕಂಡದ್ದಲ್ಲ. ಮಗುವಿಗೆ ಒಂದೂಮುಕ್ಕಾಲು ವರ್ಷ, ಜೋಲಿಗೆ ಇಳಿಸಿದರೆ ಓಣಿ ಹಾರಿಹೋಗುವ ಹಾಗೆ ಕೂಗುತ್ತಿತ್ತು. ಅದಕ್ಕೆ ತೂಕದಕ್ಕ ಅವಳನ್ನು ಮೆಣಸಿನಕಾಯಿ ಎಂದು ಕರೆದಳು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದ ಜೀವ ಈಗ ಎಂಟು ಕಿಲೋ ಏಳುನೂರಕ್ಕೆ ಬಂದಿತ್ತು. ಅವಳ ವಯಸ್ಸಿಗೆ ಗೆರೆ ಇದ್ದದ್ದು ಎಂಟೂವರೆಯಲ್ಲಿ. ಪುಸ್ತಕದಲ್ಲಿ ಎಂಟು ನಾನೂರು.

ಹೀಗಿರುವಾಗ ಒಂದು ಮಂಗಳವಾರ ಎಲ್ಲ ಕೇಂದ್ರಗಳ ತೂಕದವರನ್ನೂ ಮೇಲಿನ ಕಚೇರಿಗೆ ಕರೆದರು. ನಲವತ್ತೊಂದು ಕೇಂದ್ರಗಳಿಂದ ನಲವತ್ತೊಂದು ಹೆಂಗಸರು, ಎಲ್ಲರದೂ ಸುಮಾರು ಒಂದೇ ವಯಸ್ಸು, ಒಂದೇ ಮಂಡಿನೋವು. ಸಭೆ ನಡೆಸಿದವಳು ಹೊಸದಾಗಿ ಬಂದ ಅಧಿಕಾರಿ, ಮೂವತ್ತು ದಾಟಿರದ ಹುಡುಗಿ. ಕೆಟ್ಟವಳೇನಲ್ಲ. ಎಲ್ಲರಿಗೂ ಕುರ್ಚಿ ಇದೆಯೇ, ಫ್ಯಾನು ತಾಗುತ್ತಿದೆಯೇ ಎಂದು ತಾನೇ ಓಡಾಡಿ ನೋಡಿದಳು. ಆಮೇಲೆ ಗೋಡೆಯ ಮೇಲೆ ಒಂದು ಚಿತ್ರ ಬಿತ್ತು. ಹತ್ತು ವರ್ಷಕ್ಕೆ ಹತ್ತು ಕಂಬ, ಬೇಲಿ ಕಟ್ಟಲು ಅಳೆದು ಕತ್ತರಿಸಿದ ಹಾಗೆ ಎಲ್ಲವೂ ಒಂದೇ ಎತ್ತರ.

"ನೂರಕ್ಕೆ ನಲವತ್ತು ಮಕ್ಕಳು ಗೆರೆ ಕೆಳಗೆ," ಎಂದಳು ಅಧಿಕಾರಿ. "ಹತ್ತು ವರ್ಷದ ಹಿಂದೆಯೂ ನಲವತ್ತು, ಈಗಲೂ ನಲವತ್ತು. ಈ ಮಧ್ಯೆ ನಾವು ಕೊಟ್ಟ ಹಿಟ್ಟು ಎಷ್ಟು ಲಾರಿ ಗೊತ್ತಾ? ಇದರಲ್ಲಿ ಅಭಿವೃದ್ಧಿ ಎಲ್ಲಿದೆ ತೋರಿಸಿ ಅಂತ ಮೇಲಿನವರು ಕೇಳಿದ್ರೆ ನಾನೇನು ತೋರಿಸ್ಲಿ ಅಮ್ಮಾ?"

ಅವಳು ಮುಂದೆ ಹೇಳಿದ್ದರಲ್ಲಿ ಸುಸ್ಥಿರ ಎಂಬ ಮಾತು ಹದಿನಾಲ್ಕು ಸಲ ಬಂತು. ತೂಕದಕ್ಕ ಎಣಿಸಿದಳು, ಮಾಡಲು ಬೇರೆ ಕೆಲಸವಿರಲಿಲ್ಲ. ಕೊಡುತ್ತಲೇ ಇರಬೇಕಾದ ನೆರವು ಸುಸ್ಥಿರವಲ್ಲ, ಜನ ತಮ್ಮ ಕಾಲ ಮೇಲೆ ತಾವು ನಿಲ್ಲುವಂತಾಗಬೇಕು ಎಂಬುದು ಅದರ ಸಾರ. ಪಕ್ಕದಲ್ಲಿ ಕೂತಿದ್ದ ದಪ್ಪ ಕನ್ನಡಕದವಳು ತೂಕದಕ್ಕನ ಕಿವಿಗೆ ಬಗ್ಗಿ, "ನನ್ನ ಹತ್ರ ಬರೋರು ಇನ್ನೂ ತೆವಳ್ತಾವೆ, ನಿಲ್ಲೋದು ಎಲ್ಲಿಂದ?" ಎಂದಳು. ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಕೊನೆಯಲ್ಲಿ ಅಧಿಕಾರಿ ಆದೇಶ ಓದಿದಳು. ಮುಂದಿನ ವಾರದಿಂದ ಹಿಟ್ಟು ಬಂದ್. ತೂಕ ನೋಡುವುದು ಮಾತ್ರ ಎಂದಿನಂತೆ ನಡೆಯಬೇಕು.

ತೂಕದಕ್ಕನ ನಗು ಅಲ್ಲಿಗೇ ನಿಂತಿತು. ನಲವತ್ತು ಎಂಬ ಆ ಸಂಖ್ಯೆಯೊಳಗೆ ತನ್ನ ಮುನ್ನೂರು ಗ್ರಾಂಗಳು ಕೂತಿವೆ ಎಂದು ಅವಳಿಗೆ ಹೊಳೆಯಿತು. ಆದರೆ ನಲವತ್ತೊಂದು ಕೇಂದ್ರಗಳಲ್ಲಿ ತನ್ನದು ಒಂದು. ತಾನೊಬ್ಬಳು ಮಾಡಿದ್ದರಿಂದ ಇಡೀ ಕಂಬ ಅಲುಗದೆ ನಿಂತೀತೇ? ಉಳಿದವರ ಕಡೆ ಹಿಟ್ಟು ನಿಜವಾಗಿಯೂ ಮಕ್ಕಳ ಮೈಗೆ ಹತ್ತಿಲ್ಲವೇನೋ ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಮನೆಯಲ್ಲಿ ಯಜಮಾನ ಕೀಲೆಣ್ಣೆ ಡಬ್ಬಿ ಹಿಡಿದು ಬಾಗಿಲ ತಿರುಗಣೆಗೆ ಎಣ್ಣೆ ಬಿಡುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ಮನೆಯಲ್ಲಿ ಕೂತ ಮೇಲೆ, ಕಿರುಗುಟ್ಟುವ ಯಾವುದನ್ನು ಕಂಡರೂ ಅವನಿಗೆ ಸುಮ್ಮನಿರಲಾಗುತ್ತಿರಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು.

"ಈಗೇನು ಮಾಡ್ತೀಯ?"

"ಇನ್ನೇನಿದೆ ಮಾಡೋಕೆ ರೀ? ಕಡಿಮೆ ಬರೆದ್ರೆ ಸಿಗೋದು ಏನೂ ಇಲ್ಲ. ಇನ್ಮೇಲೆ ಮುಳ್ಳು ಹೇಳಿದ್ದನ್ನೇ ಬರೀತೀನಿ. ಇರೋ ಎರಡು ವರ್ಷ ಆದ್ರೂ ಕೈ ಸ್ವಚ್ಛ ಇರ್ಲಿ."

"ಬರಿ ಬರಿ," ಎಂದ ಯಜಮಾನ. "ಹದಿನೆಂಟು ವರ್ಷ ಬ್ರೇಕ್ ಮೇಲೆ ಕಾಲಿಟ್ಟು ಗಾಡಿ ಹೊಡೆದಿದ್ದೀಯ. ಒಂದೇ ಸಲ ತೆಗೀತೀನಿ ಅಂತೀಯಲ್ಲ, ಗಾಡಿ ಹಾರುತ್ತೆ, ಹುಷಾರು."

ಅವನ ಮಾತಿಗೆಲ್ಲ ಬಸ್ಸಿನ ವಾಸನೆ ಇರುತ್ತದೆಂದು ತೂಕದಕ್ಕ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಅವಳಿಗೆ ಸಾಕಾಗಿತ್ತು. ಸುಳ್ಳು ಬರೆಯುವುದರಲ್ಲೂ ಒಂದು ದುಡಿಮೆ ಇರುತ್ತದೆ. ಕಳೆದ ತಿಂಗಳು ಎಷ್ಟು ಕಡಿಮೆ ಮಾಡಿದ್ದೆ, ಈ ತಿಂಗಳು ಎಷ್ಟು ಏರಿಸಿದರೆ ಗೆರೆ ದಾಟುವುದಿಲ್ಲ, ಇದೆಲ್ಲ ಮಗುವಿಗೊಂದರಂತೆ ತಲೆಯಲ್ಲಿ ಹೊತ್ತು ತಿರುಗಬೇಕು. ಮುಂದಿನ ವಾರ ಮೆಣಸಿನಕಾಯಿಯನ್ನು ತೂಗಿ ಎಂಟು ಏಳುನೂರು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಾಗ, ತಲೆಯ ಮೇಲಿನ ಕೊಡ ಇಳಿಸಿದಷ್ಟು ಹಗುರವೆನಿಸಿತು. ಇಸ್ತ್ರಿಯವಳು ಖಾಲಿ ಪೆಟ್ಟಿಗೆಗಳ ಕಡೆ ನೋಡಿ, "ಮನೇಲಿ ಇನ್ನೂ ಮೂರು ಪೊಟ್ಟಣ ಉಳಿಸಿಟ್ಟಿದ್ದೀನಕ್ಕಾ. ಅದು ಮುಗಿಯೋದ್ರೊಳಗೆ ಬರುತ್ತೆ ಅಲ್ವಾ?" ಎಂದಳು.

"ನೋಡೋಣ," ಎಂದಳು ತೂಕದಕ್ಕ. ಬರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ತಿಂಗಳು ತುಂಬುತ್ತಲೇ ಮತ್ತೆ ಸಭೆ. ಈ ಸಲ ಕುರ್ಚಿಗಳ ಜೊತೆ ಬಿಸ್ಕತ್ತೂ ಇದ್ದವು. ಅಧಿಕಾರಿಯ ಮುಖ ಅರಳಿತ್ತು. ಗೋಡೆಯ ಮೇಲೆ ಹತ್ತು ಕಂಬಗಳ ಪಕ್ಕ ಹನ್ನೊಂದನೆಯದು ಬಿತ್ತು. ಅದು ಉಳಿದವುಗಳ ಅರ್ಧದಷ್ಟಿತ್ತು.

"ಇಪ್ಪತ್ತೆರಡು!" ಎಂದಳು. "ನೂರಕ್ಕೆ ನಲವತ್ತು ಇದ್ದದ್ದು ಒಂದೇ ತಿಂಗಳಲ್ಲಿ ಇಪ್ಪತ್ತೆರಡು. ಹಿಟ್ಟು ನಿಲ್ಲಿಸಿದ ತಿಂಗಳೇ ಮಕ್ಕಳು ಮೇಲೆದ್ದಿದ್ದಾರೆ. ಹಿಟ್ಟು ಬರುತ್ತೆ ಅನ್ನೋ ಭರವಸೇಲಿ ಮನೆಯವರು ಉಣಿಸೋದನ್ನೇ ಬಿಟ್ಟಿದ್ರು ಅಂತ ಕಾಣುತ್ತೆ. ಈಗ ಜವಾಬ್ದಾರಿ ಬಂದಿದೆ. ಇದನ್ನೇ ನಾನು ಸುಸ್ಥಿರ ಅಂದದ್ದು."

ಮುಂದಿನ ಸಾಲಿನಲ್ಲಿ ಕಚೇರಿಯವರು ಚಪ್ಪಾಳೆ ತಟ್ಟಿದರು. ಹಿಂದಿನ ನಲವತ್ತೊಂದು ಕುರ್ಚಿಗಳಿಂದ ಒಂದು ಚಪ್ಪಾಳೆಯೂ ಬರಲಿಲ್ಲ. ತೂಕದಕ್ಕ ಪಕ್ಕಕ್ಕೆ ತಿರುಗಿದಳು. ದಪ್ಪ ಕನ್ನಡಕದವಳು ಬಿಸ್ಕತ್ತನ್ನು ಅರ್ಧ ಕಚ್ಚಿ ಹಾಗೇ ಹಿಡಿದುಕೊಂಡಿದ್ದಳು, ಮುಖ ಬಿಳುಚಿಕೊಂಡಿತ್ತು. ಅವಳಾಚೆಗಿನವಳು ನೆಲ ನೋಡುತ್ತಿದ್ದಳು. ಅವಳ ಹಿಂದಿನವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ತೂಕದಕ್ಕನಿಗೆ ಅರ್ಥವಾಯಿತು. ನಲವತ್ತೊಂದು ಕೋಣೆಗಳಲ್ಲಿ ನಲವತ್ತೊಂದು ಹೆಂಗಸರು, ಒಬ್ಬರಿಗೊಬ್ಬರು ಹೇಳದೆ, ತಾನೊಬ್ಬಳೇ ಎಂದುಕೊಂಡು, ವರ್ಷಗಟ್ಟಲೆ ಕಡಿಮೆ ಬರೆದಿದ್ದರು. ಹಿಟ್ಟು ನಿಂತ ವಾರವೇ ಎಲ್ಲರಿಗೂ ಸಾಕಾಗಿ, ಎಲ್ಲರೂ ನಿಜ ಬರೆದಿದ್ದರು.

ಈಗ ಬಾಯಿ ಬಿಡದಿದ್ದರೆ ಹಿಟ್ಟು ಮತ್ತೆಂದೂ ಬರುವುದಿಲ್ಲ. ಬಾಯಿ ಬಿಟ್ಟರೆ ಇಪ್ಪತ್ತಾರು ವರ್ಷದ ಹೆಸರು ಮಣ್ಣುಪಾಲು. ತೂಕದಕ್ಕ ಧೈರ್ಯವಂತಳೇನಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಕ್ಷಮಿಸಿ ಎನ್ನುವ ಪೈಕಿ. ಆದರೂ ಎದ್ದು ನಿಂತಳು. ಮಂಡಿ ಲಟಕ್ಕೆಂದದ್ದು ಇಡೀ ಕೋಣೆಗೆ ಕೇಳಿಸಿತು.

"ಮೇಡಂ, ಮಕ್ಕಳು ಮೇಲೆ ಎದ್ದಿಲ್ಲ. ಮೊದಲಿಂದ ಅಲ್ಲೇ ಇದ್ರು. ನಾನೇ ಕಡಿಮೆ ಬರೀತಿದ್ದೆ."

ಯಾಕೆ, ಹೇಗೆ, ಎಷ್ಟು ಎಂದು ಎಲ್ಲವನ್ನೂ ಹೇಳಿದಳು. ಆಮೇಲೆ ಪಕ್ಕದಲ್ಲಿ, ಗಂಟಲಲ್ಲಿ ಬಿಸ್ಕತ್ತು ಸಿಕ್ಕಿಕೊಂಡ ದನಿಯಲ್ಲಿ "ನಾನೂ" ಎಂದು ದಪ್ಪ ಕನ್ನಡಕದವಳು ಎದ್ದಳು. ಹಿಂದಿನವಳು ಎದ್ದಳು. ಒಂದರ ಹಿಂದೊಂದು ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ಏಳಲಿಲ್ಲ, ಅಷ್ಟು ಒಳ್ಳೆಯ ಲೋಕ ಎಲ್ಲಿದೆ? ಆದರೆ ಮೂವತ್ತರ ಮೇಲೆ ಜನ ಎದ್ದರು.

ಅಧಿಕಾರಿ ಕೂಗಾಡಲಿಲ್ಲ. ಕೂತುಬಿಟ್ಟಳು. ಅವಳ ಮುಖದ ಮೇಲೂ ಆ ಕ್ಷಣಕ್ಕೆ ಹತ್ತು ವರ್ಷದ ದಣಿವು ಬಂದು ಕೂತಿತು. ಕೂತಲ್ಲಿಂದಲೇ ಎಂದಳು: "ಸರಿ. ನೀವು ಹೇಳೋದು ನಿಜ ಅಂತಲೇ ಇಟ್ಕೊಳ್ಳೋಣ. ಹಾಗಾದ್ರೆ ಆ ಮಕ್ಕಳೆಲ್ಲ ಗೆರೆ ಮೇಲೇ ಇದ್ರು. ಗೆರೆ ಮೇಲಿರೋರಿಗೆ ಹಿಟ್ಟು ಬೇಕಿಲ್ಲ."

"ಹಿಟ್ಟು ತಿಂತಿದ್ದಕ್ಕೇ ಮೇಲಿದ್ರು ಮೇಡಂ," ಎಂದಳು ತೂಕದಕ್ಕ.

"ಅದಕ್ಕೇನು ಆಧಾರ? ತಿಂದ್ರೂ ಏರಲಿಲ್ಲ ಅಂತ ಹತ್ತು ವರ್ಷದಿಂದ ಬರೆದುಕೊಟ್ಟೋರು ನೀವೇ ಅಲ್ವಾ?"

ಆಧಾರವೆಲ್ಲ ಇದ್ದದ್ದು ತಾಯಂದಿರ ಕಿವಿಗಳಲ್ಲಿ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ದನಿ ತಗ್ಗಿಸಿ ಹೇಳಿದಳು. "ನಿಮ್ಮ ಮೇಲೆ ನಾನೇನೂ ಬರೆಯಲ್ಲ. ಇಷ್ಟು ಜನರನ್ನ ಮನೆಗೆ ಕಳಿಸಿ ನಾಳೆ ಯಾರ ಕೈಲಿ ತೂಕ ಹಾಕಿಸ್ಲಿ? ಒಂದು ದಾರಿ ಇದೆ. ಇನ್ನು ಎರಡು ತಿಂಗಳು ಇದ್ದದ್ದು ಇದ್ದ ಹಾಗೆ ಬರೀರಿ. ಹಿಟ್ಟಿಂದಲೇ ಮೇಲಿದ್ರು ಅನ್ನೋದು ನಿಜ ಆದ್ರೆ, ಈಗ ಕೆಳಗೆ ಬರ್ತಾರೆ. ಬಂದ್ರೆ, ಅದೇ ಪುಸ್ತಕ ಹಿಡ್ಕೊಂಡು ಮೇಲಿನವರ ಹತ್ರ ನಾನೇ ಹೋಗ್ತೀನಿ, ಹಿಟ್ಟು ತರಿಸೇ ತರಿಸ್ತೀನಿ. ಬರದೇ ಇದ್ರೆ, ನಾನು ಏನೂ ಮಾಡೋಕಾಗಲ್ಲ."

ನ್ಯಾಯದ ಮಾತೇ. ಬೈದಿದ್ದರೆ ವಾಸಿಯಿತ್ತು, ಬೈಗುಳಕ್ಕೆ ಮನಸ್ಸಿನಲ್ಲಾದರೂ ತಿರುಗಿ ಬೈಯಬಹುದು. ಬಸ್ಸಿನಲ್ಲಿ ಮರಳುವಾಗ ದಪ್ಪ ಕನ್ನಡಕದವಳೂ ತೂಕದಕ್ಕನೂ ಅಕ್ಕಪಕ್ಕ ಕೂತರು. ಇಳಿಯುವಾಗ ಕನ್ನಡಕದವಳು, "ಎರಡು ತಿಂಗಳು ಅಂದ್ರೆ ಕಣ್ಮುಚ್ಚಿ ತೆಗೆಯೋದ್ರೊಳಗೆ ಹೋಗುತ್ತೆ ಬಿಡಿ," ಎಂದಳು. ಅದು ಸಮಾಧಾನವೋ ಭಯವೋ ತೂಕದಕ್ಕನಿಗೆ ತಿಳಿಯಲಿಲ್ಲ.

ಮೊದಲ ತಿಂಗಳು ಮೆಣಸಿನಕಾಯಿ ಎಂಟು ಆರುನೂರೈವತ್ತು. ಚಮಚದ ಲೆಕ್ಕದಲ್ಲಿ ಬಳಸಿದ ಆ ಮೂರು ಪೊಟ್ಟಣಗಳ ಕೃಪೆ. ಬೆಂಚಿನ ಮೇಲಿನ ಉಳಿದ ಮಕ್ಕಳೂ ಹಾಗೆಯೇ, ಸ್ವಲ್ಪ ಹಿಂದೆ ಸರಿದರೂ ಗೆರೆಯ ಮೇಲೆಯೇ ತಿಣುಕಾಡುತ್ತಿದ್ದವು. ತಾಯಂದಿರು ಖರ್ಚಿಗೆ ಕೈ ಬಿಗಿಹಿಡಿದು, ತಮ್ಮ ತಟ್ಟೆಯದನ್ನು ಅವಕ್ಕೆ ಬಡಿಸಿ, ಹೇಗೋ ಏಗುತ್ತಿದ್ದರು. ಇಸ್ತ್ರಿಯವಳ ಕುತ್ತಿಗೆಯ ಮೂಳೆಗಳು ಎದ್ದು ಕಾಣುತ್ತಿದ್ದವು. ಅವಳನ್ನು ತೂಗುವ ಯಂತ್ರ, ಅವಳಿಗೆಂದು ಒಂದು ಗೆರೆ, ಆ ಕೋಣೆಯಲ್ಲಿ ಇರಲಿಲ್ಲ. ತೂಕದಕ್ಕ ಕಂಡದ್ದನ್ನು ಬರೆದಳು. ಬರೆದು, ಇಡೀ ದಿನ ಯಾರ ಮೇಲೆಂದು ಗೊತ್ತಿಲ್ಲದೆ ಸಿಡುಕಿದಳು.

ಎರಡನೆಯ ತಿಂಗಳ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇಸ್ತ್ರಿಯವಳು ಮಗಳನ್ನು ಜೋಲಿಗೆ ಇಳಿಸಿದಳು. ನಡುವೆ ನಾಲ್ಕು ದಿನ ಮಗುವಿಗೆ ಭೇದಿಯಾಗಿತ್ತಂತೆ. ಮೆಣಸಿನಕಾಯಿ ಕೂಗಲಿಲ್ಲ. ಬಟ್ಟೆಯ ಮಡಿಲಲ್ಲಿ ತೆಪ್ಪಗೆ ಕೂತು ತೂಕದಕ್ಕನ ಮುಖವನ್ನೇ ನೋಡಿತು. ಮುಳ್ಳು ಅತ್ತಿತ್ತ ಓಡದೆ ನೇರವಾಗಿ ಹೋಗಿ ನಿಂತಿತು. ತೂಕದಕ್ಕ ಮಂಡಿ ಬಗ್ಗಿಸಿ ಕಣ್ಣನ್ನು ಅದರ ಮಟ್ಟಕ್ಕೆ ತಂದಳು. ಎಂಟು ಇನ್ನೂರು. ಈ ತಿಂಗಳಿಗೆ ಗೆರೆ ಎಂಟು ಆರುನೂರಕ್ಕೆ ಏರಿತ್ತು. ಚುಕ್ಕೆ ಕೆಳಗೆ ಬೀಳುತ್ತಿತ್ತು, ಯಾವ ಸಂಶಯಕ್ಕೂ ಎಡೆಯಿಲ್ಲದಷ್ಟು ಕೆಳಗೆ.

"ಸದ್ಯ," ಎಂದಿತು ಅವಳ ಬಾಯಿ.

ಅಂದದ್ದು ಅವಳ ಕಿವಿಗೆ ಬಿದ್ದದ್ದು ಆಮೇಲೆ. ಇಪ್ಪತ್ತಾರು ವರ್ಷದಲ್ಲಿ ಮಗುವೊಂದು ಸೊರಗಿದ್ದಕ್ಕೆ ಅವಳ ಎದೆ ಹಗುರಾದದ್ದು ಅದೇ ಮೊದಲು. ಹಗುರಾದದ್ದು ಸುಳ್ಳಲ್ಲ, ಇನ್ನೂ ಹಗುರವಾಗಿಯೇ ಇತ್ತು. ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು.

ಇಸ್ತ್ರಿಯವಳು ಜೋಲಿಯ ಅಂಚು ಹಿಡಿದು ನಿಂತೇ ಇದ್ದಳು.

"ಇಳಿದಿದೆ ಅಲ್ವಾ ಅಕ್ಕಾ?"

"ಹೂಂ."

"ಮತ್ತೆ, ಸದ್ಯ ಅಂದ್ರಲ್ಲ?"

ತೂಕದಕ್ಕ ಎಂಟು ಇನ್ನೂರು ಎಂದು ಬರೆದು ಗೆರೆಯ ಕೆಳಗೆ ಚುಕ್ಕೆ ಇಟ್ಟಳು. ಬೆಂಚಿನ ಮೇಲೆ ಇನ್ನೂ ಹನ್ನೊಂದು ಮಕ್ಕಳಿದ್ದರು. ಅವರಲ್ಲಿ ಎಷ್ಟು ಮಂದಿ ಇಳಿದಿದ್ದರೆ ಸಾಕಾದೀತು ಎಂದು ಅವಳ ಕಣ್ಣು ಆಗಲೇ ಎಣಿಸತೊಡಗಿತ್ತು.